ಡಾಲಸ್‌ನ ವಕಾರ ಸಾಲು

ಮೊದಲ ದಿನ, ಬುಧವಾರ

ಮಗಳ ಮನೆ ಇರೋದು ಅರ್ವಿಂಗ್‌ನಲ್ಲಿ. ಡಾಲಸ್‌ಗೆ ಅಂಟಿಕೊಂಡ ಊರು. ನಾವು ಬಂದು ಮೂರು ವಾರವಾಗಿತ್ತು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗ ಶಾಲೆಗೆ. ಮಾಲ್‌ಗಳನ್ನು ನೋಡಿ ನೋಡಿ ಸಾಕಾಗಿತ್ತು. "ನಿಮ್ಮೂರಾಗ ಹಳೇದು ಅನ್ನೂದು ಏನೂ ಇಲ್ಲೇನವಾ?" ಅಂತ ಕೇಳಿದೆ. ಮಗಳು ಅಂದಳು: "ಐತಿ ಅವ್ವಾ. ವೆಸ್ಟ್ ಎಂಡ್ ಅಂತ ಹಳೇ ಗೋದಾಮಿನ ಓಣಿ ಐತಿ. ಆರೆಂಜ್ ಲೈನ್ ರೈಲು ಹತ್ತಿದ್ರ ಸೀದಾ ಅಲ್ಲೇ ಇಳೀತೀರಿ."

ಗೋದಾಮು ಅಂದ ಕೂಡಲೇ ನನಗೆ ಆಸೆ ಹುಟ್ಟಿತು. ನಾನು ಹುಟ್ಟಿ ಬೆಳೆದದ್ದು ಗದುಗಿನಲ್ಲಿ. ನಮ್ಮ ಕಡೆ ಗೋದಾಮಿಗೆ ವಕಾರ ಅನ್ನುತ್ತಾರೆ. ಹತ್ತಿ ವ್ಯಾಪಾರದ ವಕಾರಗಳು ಸಾಲಾಗಿ ನಿಂತಿದ್ದ ಜಾಗವೇ ವಕಾರ ಸಾಲು. ನಮ್ಮಪ್ಪ ಅಲ್ಲೊಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮಧ್ಯಾಹ್ನ ಬುತ್ತಿ ಒಯ್ಯುವ ಕೆಲಸ ನನ್ನದು. ಹತ್ತಿಕಾಳಿನ ಜಿಡ್ಡು ವಾಸನೆ, ಅಂಡಿಗೆಗಳ (ಹತ್ತಿಯ ದೊಡ್ಡ ಮೂಟೆಗಳ) ಮೇಲೆ ಮಲಗಿದ ಹಮಾಲರು, ಗಾಳಿಯಲ್ಲಿ ತೇಲುವ ಅರಳೆ. ಜಯಧರ, ಲಕ್ಷ್ಮಿ ಅನ್ನುವ ಹತ್ತಿ ತಳಿಗಳ ಹೆಸರು ನನಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿದ್ದವು.

ರೈಲು ಖಾಲಿಯಿತ್ತು. ನವೆಂಬರ್ ತಿಂಗಳು, ಹೊರಗೆ ಹಿತವಾದ ಚಳಿ. ವಿಕ್ಟರಿ ನಿಲ್ದಾಣ ದಾಟಿದ ಮೇಲೆ ರೈಲು ರಸ್ತೆಯ ಮಧ್ಯಕ್ಕೇ ಬಂದುಬಿಡುತ್ತದೆ. ಟ್ರಾಮಿನ ಹಾಗೆ. ನಾವು ಇಳಿದ ರಸ್ತೆಯ ಹೆಸರು ಪೆಸಿಫಿಕ್ ಅವೆನ್ಯೂ. ಸಮುದ್ರವೇ ಇಲ್ಲದ ಊರಲ್ಲಿ ಪೆಸಿಫಿಕ್ ಯಾಕೆ? ಟೆಕ್ಸಸ್ ಅಂಡ್ ಪೆಸಿಫಿಕ್ ಅನ್ನುವ ರೈಲು ಕಂಪನಿಯ ಹಳಿ ಒಂದು ಕಾಲಕ್ಕೆ ಇದೇ ರಸ್ತೆಯಲ್ಲಿ ಹಾದುಹೋಗಿತ್ತು. 1920ರ ದಶಕದ ಆರಂಭದಲ್ಲಿ ಆ ಹಳಿಗಳನ್ನು ಕಿತ್ತರು. 1996ರಲ್ಲಿ ಊರಿನ ಹೊಸ ರೈಲು ಅದೇ ರಸ್ತೆಗೆ ವಾಪಸ್ ಬಂತು.

ಆ ಹಳೇ ಪೆಸಿಫಿಕ್ ರೈಲು ಡಾಲಸ್‌ಗೆ ಬಂದ ಕಥೆ ಕೇಳಿ. 1872ರಲ್ಲಿ ಒಂದು ರೈಲು ದಾರಿ ದಕ್ಷಿಣದಿಂದ ಬಂದಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಎರಡನೆಯ ದಾರಿ ಮಾತ್ರ ಊರನ್ನು ಬಿಟ್ಟು ದಕ್ಷಿಣಕ್ಕೆ ದೂರ ಹಾದುಹೋಗುವುದರಲ್ಲಿತ್ತು. ಆಗ ಇಲ್ಲಿನ ಶಾಸಕರೊಬ್ಬರು ಮಸೂದೆಯಲ್ಲಿ ಒಂದು ಸಾಲು ಸೇರಿಸಿದರು: ಹಳಿ ಬ್ರೌಡರ್ ಸ್ಪ್ರಿಂಗ್ಸ್‌ನಿಂದ ಒಂದು ಮೈಲಿಯೊಳಗೆ ಹಾಯಬೇಕು. ಆ ಬುಗ್ಗೆ ಎಲ್ಲಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಸೂದೆ ಪಾಸಾದ ಮೇಲೆ ಗೊತ್ತಾಯಿತು, ಅದು ಡಾಲಸ್ ಪೇಟೆಯ ಮಗ್ಗುಲಲ್ಲೇ ಇತ್ತು! 1873ರಲ್ಲಿ ರೈಲು ಬಂತು. ಎರಡು ಹಳಿ ಕೂಡಿದ ಕಡೆ ಪೇಟೆ ಬೆಳೆಯದೆ ಇರುತ್ತದೆಯೇ?

ಮಾರ್ಕೆಟ್ ಸ್ಟ್ರೀಟ್ ಅನ್ನುವ ಬೀದಿಗೆ ತಿರುಗಿದೆವು. ಎರಡೂ ಕಡೆ ಕೆಂಪು ಇಟ್ಟಿಗೆಯ ನಾಲ್ಕು, ಐದು, ಏಳು ಅಂತಸ್ತಿನ ಕಟ್ಟಡಗಳು. ಕಿಟಕಿಗಳ ಮೇಲೆ ಕಮಾನು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಅಂಚಿನಲ್ಲಿ ಮಗು ಮಲಗಿಸಬಹುದು. ಇವರು ನಿಂತು ನೋಡಿ, "ಇದು ನಮ್ಮ ವಕಾರ ಸಾಲಿನ ಗತೆನ ಐತಲ್ಲ" ಅಂದರು. ನಾನೂ ಅದನ್ನೇ ಅನ್ನಬೇಕು ಅಂತಿದ್ದೆ. ನಮ್ಮಲ್ಲಿ ಹೆಂಚು, ಇಲ್ಲಿ ಇಟ್ಟಿಗೆ. ನಮ್ಮವು ನೆಲಕ್ಕೆ ಹರಡಿಕೊಂಡಿದ್ದವು, ಇವು ಮೇಲಕ್ಕೆ ಎದ್ದಿವೆ. ಆದರೆ ಮಾಲು ಇಡುವ ಮನೆಗೆ ಒಂದು ಗಟ್ಟಿತನ ಇರುತ್ತದೆ. ಅದು ಎರಡಕ್ಕೂ ಒಂದೇ.

ಇಲ್ಲಿ ಇಡುತ್ತಿದ್ದದ್ದು ಏನು ಗೊತ್ತಾ? ಹೆಚ್ಚಾಗಿ ನೇಗಿಲು, ಕುಂಟೆ, ಬಿತ್ತುವ ಯಂತ್ರ. 1900ರ ಆಸುಪಾಸಿನಲ್ಲಿ ಈ ಊರು ಕೃಷಿ ಸಲಕರಣೆಗಳ ದೊಡ್ಡ ಪೇಟೆಯಾಗಿತ್ತು. ಉತ್ತರದ ಕಾರ್ಖಾನೆಗಳಿಂದ ರೈಲಿನಲ್ಲಿ ಬಂದ ನೇಗಿಲು ಇಲ್ಲಿಂದ ಸುತ್ತಲಿನ ರೈತರಿಗೆ ಹೋಗುತ್ತಿತ್ತು. ಎಲ್ಮ್ ಬೀದಿಯಲ್ಲಿ 1902ರಲ್ಲಿ ಕಿಂಗ್‌ಮನ್ ಟೆಕ್ಸಸ್ ಅನ್ನುವ ಸಲಕರಣೆ ಕಂಪನಿ ಕಟ್ಟಿದ ಕಟ್ಟಡ ಈಗಲೂ ಇದೆ. ಸುತ್ತಲಿನ ಸೀಮೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನುತ್ತಾರೆ. ಕರಿ ನೆಲ. ನಮ್ಮ ಎರೆ ಹೊಲವೇ! ಮಳೆ ಬಂದರೆ ಕಾಲಿಗೆ ಹತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ನೆಲದಲ್ಲಿ ಬೆಳೆದದ್ದೂ ಹತ್ತಿಯೇ.

ಒಂದು ಗೋಡೆಯ ಮೇಲೆ ಬಣ್ಣದ ಅಕ್ಷರಗಳು ಮಸುಕಾಗಿ ಉಳಿದಿದ್ದವು. ಹಳೇ ಕಂಪನಿಯ ಹೆಸರಿರಬೇಕು. ಪೂರ್ತಿ ಓದಲು ಆಗಲಿಲ್ಲ. ಅದನ್ನು ನೋಡಿ ನನಗೆ ಅಪ್ಪನ ತಗಡಿನ ಅಚ್ಚು ನೆನಪಾಯಿತು. ಅಂಡಿಗೆ ಕಟ್ಟಿದ ಮೇಲೆ ಅದರ ಮೇಲೆ ಅಚ್ಚು ಇಟ್ಟು, ಕರಿ ಬಣ್ಣದ ಬ್ರಶ್ ಆಡಿಸುತ್ತಿದ್ದರು. ಅಂಗಡಿಯ ಗುರುತು, ಕೆಳಗೆ ಗದಗ ಅಂತ ಊರ ಹೆಸರು. ಗದಗ ಅನ್ನೋದನ್ನು ನಾನು ಮೊದಲು ಓದಲು ಕಲಿತದ್ದು ಆ ಅಂಡಿಗೆಗಳ ಮೇಲೆ.

ಈ ಓಣಿ ಒಂದು ಸಲ ಪೂರ್ತಿ ಮಂಕಾಗಿತ್ತು. ಲಾರಿಗಳು ಬಂದವು, ಹೆದ್ದಾರಿಗಳು ಬಂದವು. ಊರ ಹೊರಗೆ ಅಗ್ಗದ ಜಾಗದಲ್ಲಿ ಒಂದೇ ಅಂತಸ್ತಿನ ಉದ್ದನೆ ಗೋದಾಮು ಕಟ್ಟುವುದು ಸುಲಭವಾಯಿತು. ಏಳು ಅಂತಸ್ತಿಗೆ ಲಿಫ್ಟಿನಲ್ಲಿ ಮಾಲು ಏರಿಸಿ ಇಳಿಸುವ ಕಷ್ಟ ಯಾರಿಗೆ ಬೇಕು? ಕಟ್ಟಡಗಳು ಒಂದೊಂದಾಗಿ ಖಾಲಿಯಾದವು. ಕೆಲವು ಬಿದ್ದು ಪಾರ್ಕಿಂಗ್ ಜಾಗಗಳಾದವು. 1972ರಲ್ಲಿ ತಲೆದಿಂಬು ತಯಾರಿಸುತ್ತಿದ್ದ ಹಳೇ ಕಟ್ಟಡವೊಂದರಲ್ಲಿ ಸ್ಪಾಗೆಟಿ ವೇರ್‌ಹೌಸ್ ಅನ್ನುವ ಹೋಟೆಲ್ ಶುರುವಾಯಿತು. ಒಳಗೆ ಒಂದು ಟ್ರಾಮ್ ಗಾಡಿಯನ್ನೇ ತಂದು ನಿಲ್ಲಿಸಿ, ಅದರಲ್ಲಿ ಕೂತು ಊಟ ಮಾಡುವ ಹಾಗೆ ಮಾಡಿದ್ದರು. ಜನ ಬಂದರು. 1978ರಲ್ಲಿ ಈ ಓಣಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 1986ರಲ್ಲಿ ಬಿಸ್ಕತ್ತು, ಮಿಠಾಯಿ ಮಾಡುತ್ತಿದ್ದ 1903ರ ಬ್ರೌನ್ ಕ್ರ್ಯಾಕರ್ ಕಾರ್ಖಾನೆಯೊಳಗೆ ಅಂಗಡಿಗಳು ಬಂದವು. ಹೆಸರು ವೆಸ್ಟ್ ಎಂಡ್ ಮಾರ್ಕೆಟ್‌ಪ್ಲೇಸ್.

ಆ ಕಟ್ಟಡದ ಎದುರು ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ನಮ್ಮನ್ನು ನೋಡಿ ತಾವೇ ಮಾತಾಡಿಸಿದರು. ಶನಿವಾರ ರಾತ್ರಿ ಇಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರಂತೆ. ಮಿಠಾಯಿ ಅಂಗಡಿ, ಸಿನಿಮಾ, ಪಕ್ಕದ ಓಣಿಯಲ್ಲಿ ಹಾಡು ಕುಣಿತ. "ಈಗ ಮಕ್ಕಳಿಗೆ ಮಕ್ಕಳಾಗಿದ್ದಾರೆ. ಅವರು ಬೇರೆ ಕಡೆ ಹೋಗುತ್ತಾರೆ" ಅಂದರು.

ಊರಿನ ಬೇರೆ ಭಾಗಗಳಲ್ಲಿ ಹೊಸ ತಾಣಗಳು ಹುಟ್ಟಿದಂತೆ ಇಲ್ಲಿ ಜನ ಕಡಿಮೆಯಾದರು. 2006ರಲ್ಲಿ ಮಾರ್ಕೆಟ್‌ಪ್ಲೇಸ್ ಮುಚ್ಚಿತು. 2019ರಲ್ಲಿ ಆ ಟ್ರಾಮ್ ಹೋಟೆಲ್ ಕೂಡ ಮುಚ್ಚಿತು. ಆದರೆ ಕಟ್ಟಡ ಬೀಳಲಿಲ್ಲ. ಬಿಸ್ಕತ್ತು ಕಾರ್ಖಾನೆ ಈಗ ಕಚೇರಿಗಳ ಕಟ್ಟಡ. ಬಿಸ್ಕತ್ತು, ಆಮೇಲೆ ಬಜಾರು, ಈಗ ಕಂಪ್ಯೂಟರ್. ನೂರಿಪ್ಪತ್ತು ವರ್ಷದಲ್ಲಿ ಮೂರು ಸಂಸಾರ ಕಂಡ ಮನೆ ಅದು.

ಇಷ್ಟಾದರೂ ಬೀದಿ ಸತ್ತಿಲ್ಲ. ಬೂಟು, ಅಗಲ ಅಂಚಿನ ಟೋಪಿ ಮಾರುವ ಅಂಗಡಿಗೆ ಹೋಗಿ ಸುಮ್ನೆ ನೋಡಿದೆವು. ಚರ್ಮದ ವಾಸನೆ ಅಂಗಡಿ ತುಂಬ. ಇವರು ಒಂದು ಟೋಪಿ ಹಾಕಿಕೊಂಡರು. ಚೆನ್ನಾಗಿ ಕಾಣಿಸುತ್ತಿತ್ತು, ಬೆಲೆ ಕೇಳಿ ವಾಪಸ್ ಇಟ್ಟರು. ಮಧ್ಯಾಹ್ನ ಚಪಾತಿ, ಶೇಂಗಾ ಚಟ್ನಿ ಬುತ್ತಿ ಬಿಚ್ಚಿ ಬೆಂಚಿನ ಮೇಲೆ ಕೂತು ಉಂಡೆವು. ವಕಾರದ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಐವತ್ತು ವರ್ಷವಾಗಿತ್ತು.

ಎರಡನೇ ದಿನ, ಗುರುವಾರ

ಈ ಓಣಿಯ ತುದಿಯಲ್ಲಿರುವ ಒಂದು ಕಟ್ಟಡ ಜಗತ್ತಿಗೆಲ್ಲ ಗೊತ್ತು. ಅದರ ಆರನೇ ಮಹಡಿಯ ಕಿಟಕಿಯಿಂದಲೇ 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿತು ಅಂತ ಸರ್ಕಾರಿ ತನಿಖೆ ಹೇಳಿತು. ಈಗ ಅದು ಸಿಕ್ಸ್ತ್ ಫ್ಲೋರ್ ಮ್ಯೂಸಿಯಂ.

ಟಿಕೆಟ್‌ಗೆ ಹೊತ್ತು ಗೊತ್ತು ಮಾಡಿರುತ್ತಾರೆ. ನಮಗೆ ಸಿಕ್ಕದ್ದು ಒಂದೂವರೆ ಗಂಟೆಯ ನಂತರದ್ದು. ಹೋಗುವವರು ಮನೆಯಲ್ಲೇ ಬುಕ್ ಮಾಡಿಕೊಂಡು ಹೋಗಿ. ಅಲ್ಲಿಯವರೆಗೆ ಸುತ್ತಾಡಿದೆವು. 1892ರ ಹಳೇ ಕೋರ್ಟ್ ಕಟ್ಟಡ ಕೆಂಪು ಮರಳುಗಲ್ಲಿನದು. ಬಾದಾಮಿಯ ಬಂಡೆಯ ಬಣ್ಣ. ಅದರ ಗಡಿಯಾರ ಗೋಪುರವನ್ನು 1919ರಲ್ಲಿ ಇಳಿಸಿದ್ದರು. 2007ರಲ್ಲಿ ಮತ್ತೆ ಕಟ್ಟಿದ್ದಾರೆ. ಎಂಬತ್ತೆಂಟು ವರ್ಷದ ಮೇಲೂ ಅದು ಬೇಕು ಅನಿಸಿದೆಯಲ್ಲ, ಅದು ನನಗೆ ತುಂಬ ಹಿಡಿಸಿತು.

ಕೆನಡಿಯವರಿಗೆ ಗುಂಡು ತಗುಲಿದ ಜಾಗದಲ್ಲಿ ರಸ್ತೆಯ ಮೇಲೆ ಬಿಳಿ ಗುಣಿಸು ಚಿಹ್ನೆ ಇದೆ. ಅದು ಓಡಾಡುವ ರಸ್ತೆ. ಕಾರುಗಳ ನಡುವೆ ಬಿಡುವು ಸಿಕ್ಕಾಗ ಜನ ಓಡಿಹೋಗಿ ಅದರ ಮೇಲೆ ನಿಂತು ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಸರಿ ಕಾಣಲಿಲ್ಲ. ಒಬ್ಬ ಮನುಷ್ಯ, ಇಬ್ಬರು ಪುಟ್ಟ ಮಕ್ಕಳ ತಂದೆ, ಹೆಂಡತಿಯ ಪಕ್ಕದಲ್ಲಿ ಕೂತಿದ್ದಾಗ ಪೆಟ್ಟು ತಿಂದ ಜಾಗ ಅದು. ಹುಲ್ಲಿನ ದಿಬ್ಬದ ಮೇಲೆ ಕೂತು ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗೆ ಹೋದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ವಿಷಯ. ಈ ಕಟ್ಟಡವನ್ನು 1901ರಲ್ಲಿ ಕಟ್ಟಿಸಲು ಶುರು ಮಾಡಿದ್ದು ನೇಗಿಲು ಕಂಪನಿ, ರಾಕ್ ಐಲ್ಯಾಂಡ್ ಪ್ಲೌ. 1963ರ ಹೊತ್ತಿಗೆ ಇಲ್ಲಿದ್ದದ್ದು ಶಾಲಾ ಪಠ್ಯಪುಸ್ತಕಗಳ ಗೋದಾಮು. ಮೂವತ್ತೊಂದು ವರ್ಷ ಶಾಲೆಯಲ್ಲಿ ಕಲಿಸಿದವಳು ನಾನು. ಜೂನ್ ತಿಂಗಳಲ್ಲಿ ಪುಸ್ತಕದ ಗಂಟು ಬಿಚ್ಚುವಾಗ ಬರುವ ಹೊಸ ಕಾಗದದ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಗುಂಡು ಹಾರಿಸಿದವನು ಅಂತ ತನಿಖೆ ಹೇಳಿದ ಆಸ್ವಾಲ್ಡ್ ಅಂಥ ಪುಸ್ತಕಗಳ ಪೆಟ್ಟಿಗೆ ಜೋಡಿಸಿ, ಅದರ ಮರೆಯಲ್ಲಿ ಬಂದೂಕು ಇಟ್ಟುಕೊಂಡು ಕೂತಿದ್ದನಂತೆ. ಕಿಟಕಿ ಹತ್ತಿರ ಬಂದೂಕಿಗೆ ಆಸರೆಯಾಗಿದ್ದ ಪೆಟ್ಟಿಗೆಗಳ ಮೇಲೆ ರೋಲಿಂಗ್ ರೀಡರ್ಸ್ ಅಂತ ಬರೆದಿತ್ತು. ಪುಟ್ಟ ಮಕ್ಕಳು ಓದು ಕಲಿಯಲು ಬಳಸುವ ಹಗುರ ದಿಮ್ಮಿಗಳು. ಇದನ್ನು ಓದಿ ನನಗೆ ಸಂಕಟವಾಯಿತು.

ಮೂಲೆಯ ಆ ಜಾಗವನ್ನು ಗಾಜಿನ ಹಿಂದೆ ಹಳೇ ಫೋಟೊಗಳಲ್ಲಿ ಇದ್ದ ಹಾಗೆಯೇ ಪೆಟ್ಟಿಗೆ ಜೋಡಿಸಿ ಇಟ್ಟಿದ್ದಾರೆ. ಸುತ್ತ ಇಟ್ಟಿಗೆಯ ಗೋಡೆ, ದಪ್ಪ ಮರದ ಕಂಬ. ಅಲಂಕಾರ ಮಾಡಿ ಮುಚ್ಚಿಲ್ಲ. ಗೋದಾಮು ಗೋದಾಮಾಗಿಯೇ ಇದೆ.

ಗೋದಾಮಿನ ಕೆಲಸ ಗೊತ್ತಿದ್ದವರಿಗೆ ಮಾತ್ರ ಪಕ್ಕನೆ ಅರ್ಥವಾಗುವ ಒಂದು ಸಂಗತಿ ಇದೆ. ಆ ದಿನಗಳಲ್ಲಿ ಆರನೇ ಮಹಡಿಯಲ್ಲಿ ಹೊಸ ಪ್ಲೈವುಡ್ ನೆಲ ಹಾಸುತ್ತಿದ್ದರು. ಅದಕ್ಕಾಗಿ ಒಂದು ಕಡೆಯ ಪೆಟ್ಟಿಗೆಗಳನ್ನೆಲ್ಲ ಎತ್ತಿ ಇನ್ನೊಂದು ಕಡೆ ಒತ್ತಾಗಿ ಒಟ್ಟಿದ್ದರು. ಹಾಗಾಗಿ ಆ ಮೂಲೆ ಯಾರಿಗೂ ಕಾಣದಂತಾಗಿತ್ತು. ಆಸ್ವಾಲ್ಡ್ ಇಲ್ಲಿ ಗಂಟೆಗೆ 1.25 ಡಾಲರ್ ಕೂಲಿಗೆ, ಬೇಡಿಕೆ ಚೀಟಿ ನೋಡಿ ಪುಸ್ತಕ ಆರಿಸಿ ತರುವ ಕೆಲಸಕ್ಕೆ ಸೇರಿ ಐದು ವಾರವಾಗಿತ್ತು ಅಷ್ಟೇ.

ಕೆಳಗೆ ಐದನೇ ಮಹಡಿಯ ಕಿಟಕಿಗಳಲ್ಲಿ ಮೂವರು ಕೆಲಸಗಾರರು ಕೂತು ಮೆರವಣಿಗೆ ನೋಡುತ್ತಿದ್ದರು. ಹೆರಾಲ್ಡ್ ನಾರ್ಮನ್, ಬಾನಿ ರೇ ವಿಲಿಯಮ್ಸ್, ಜೇಮ್ಸ್ ಜಾರ್ಮನ್. ಮೂವರೂ ಕಪ್ಪು ಜನ. ತಲೆಯ ಮೇಲೆ ಗುಂಡಿನ ಸದ್ದು. ತೋಟೆಗಳು ನೆಲಕ್ಕೆ ಬಿದ್ದದ್ದನ್ನು ನಾರ್ಮನ್ ಕೇಳಿಸಿಕೊಂಡರು. ವಿಲಿಯಮ್ಸ್ ಅವರ ಕೂದಲಿನಲ್ಲಿ ಸೂರಿನಿಂದ ಉದುರಿದ ಧೂಳಿತ್ತು. ಅವರೂ ಆ ವಾರ ಮೇಲೆ ನೆಲ ಹಾಸುತ್ತಿದ್ದವರೇ. ಸ್ವಲ್ಪ ಹೊತ್ತಿನ ಮುಂಚೆ ಆರನೇ ಮಹಡಿಯಲ್ಲೇ ಕೂತು ಬುತ್ತಿ ಉಂಡು ಕೆಳಗೆ ಬಂದಿದ್ದರು. ಅಧ್ಯಕ್ಷರ ಬಗ್ಗೆ, ಆಸ್ವಾಲ್ಡ್ ಬಗ್ಗೆ ಜನ ಎಷ್ಟು ಬೇಕಾದರೂ ಹೇಳುತ್ತಾರೆ. ನನಗೆ ಇಡೀ ದಿನ ಕಾಡಿದ್ದು ಈ ಮೂವರು. ಮಾಲು ಹೊರುವವರ ಹೆಸರು ಚರಿತ್ರೆಯಲ್ಲಿ ಉಳಿಯುವುದು ಅಪರೂಪ. ಇವರದು ಉಳಿದದ್ದು ಎಂಥಾ ದಿನದ ಕಾರಣಕ್ಕೆ!

ಈ ಕಟ್ಟಡವನ್ನು ಕೆಡವಿಬಿಡಿ ಅಂತ ಅಂದವರು ಈ ಊರಲ್ಲಿ ಬಹಳ ಜನ ಇದ್ದರು. ಅವಮಾನದ ಗುರುತು ಅಂತ ಅವರ ಭಾವನೆ. 1972ರಲ್ಲಿ ಬೆಂಕಿ ಹಚ್ಚುವ ಪ್ರಯತ್ನವೂ ನಡೆದಿತ್ತು. 1977ರಲ್ಲಿ ಕೌಂಟಿ ಆಡಳಿತ ಇದನ್ನು ಕೊಂಡು ಕೆಳಗಿನ ಮಹಡಿಗಳಲ್ಲಿ ಕಚೇರಿ ಮಾಡಿಕೊಂಡಿತು. 1989ರಲ್ಲಿ ಮ್ಯೂಸಿಯಂ ತೆರೆಯಿತು. ನಾಚಿಕೆಯ ಜಾಗವನ್ನೂ ಉಳಿಸಿಕೊಂಡು, ಕಣ್ಣಿಟ್ಟು ನೋಡಿ ಅಂತ ಮಕ್ಕಳನ್ನು ಕರೆದುಕೊಂಡು ಬರುವುದಕ್ಕೆ ಗುಂಡಿಗೆ ಬೇಕು. ನಾವು ಹೋದಾಗಲೂ ಒಂದು ಶಾಲೆಯ ಮಕ್ಕಳು ಬಂದಿದ್ದರು.

ವಾಪಸ್ ಬರುವಾಗ ರೈಲು ಪಾರ್ಕ್‌ಲ್ಯಾಂಡ್ ನಿಲ್ದಾಣದಲ್ಲಿ ನಿಂತಿತು. ಗುಂಡು ತಗುಲಿದ ಕೆನಡಿಯವರನ್ನು ಒಯ್ದದ್ದು ಪಾರ್ಕ್‌ಲ್ಯಾಂಡ್ ಆಸ್ಪತ್ರೆಗೇ. ನಿನ್ನೆಯೂ ಈ ನಿಲ್ದಾಣ ದಾಟಿದ್ದೆವು, ಆದರೆ ಹೆಸರು ಕಣ್ಣಿಗೆ ಬಿದ್ದಿರಲಿಲ್ಲ.

ಮೂರನೇ ದಿನ, ಶನಿವಾರ

ಶುಕ್ರವಾರ ಮನೆಯಲ್ಲೇ ಇದ್ದೆವು. ಶನಿವಾರ ಮೊಮ್ಮಗನ ದಿನ. ಏಳು ವರ್ಷದ ಹುಡುಗನಿಗೆ ಇಟ್ಟಿಗೆ ಗೋಡೆ ತೋರಿಸಿದರೆ ಕೇಳುತ್ತಾನೆಯೇ? ಅದೇ ಓಣಿಯ ಡಾಲಸ್ ವರ್ಲ್ಡ್ ಅಕ್ವೇರಿಯಂಗೆ ಹೋದೆವು. 1992ರಲ್ಲಿ ಶುರುವಾದದ್ದು. ಅದೂ 1920ರ ದಶಕದ ಗೋದಾಮಿನಲ್ಲಿ! ಮೇಲಿನಿಂದ ಕಾಡಿನೊಳಗೆ ಇಳಿದ ಹಾಗೆ ದಾರಿ. ಬೆಚ್ಚಗಿನ ಹಬೆ, ನೀರು ಬೀಳುವ ಸದ್ದು, ದೊಡ್ಡ ಕೊಕ್ಕಿನ ಟೂಕನ್ ಹಕ್ಕಿ, ಕೊಂಬೆಗೆ ಜೋತುಬಿದ್ದು ಕದಲದ ಸ್ಲಾತ್. ಕೊನೆಗೆ ಗಾಜಿನ ಸುರಂಗ, ತಲೆಯ ಮೇಲೆ ಶಾರ್ಕ್. ಮೊಮ್ಮಗ ಅಲ್ಲಿಂದ ಹೊರಡಲು ಒಪ್ಪಲಿಲ್ಲ. ಟಿಕೆಟ್ ದುಬಾರಿ, ಜನಸಂದಣಿಯೂ ಜಾಸ್ತಿ. ಆದರೂ ಮಕ್ಕಳಿದ್ದವರು ಬಿಡಬೇಡಿ.

ನಾಲ್ಕನೇ ದಿನ, ಭಾನುವಾರ

ಮಗಳೂ ಜೊತೆಗೆ ಬಂದಳು. "ಇನ್ನೊಂದು ಹಳೇ ಓಣಿ ಐತಿ, ಅಲ್ಲಿಗೆ ನಿನ್ನ ಕರ್ಕೊಂಡು ಹೋಗಲೇಬೇಕು" ಅಂತ ಹೇಳಿದ್ದಳು. ಪೇಟೆಯ ಪೂರ್ವಕ್ಕೆ ಡೀಪ್ ಎಲಮ್. ಎಲ್ಮ್ ಬೀದಿಯ ದೂರದ ತುದಿ. ಇಲ್ಲಿನ ಜನರ ಬಾಯಲ್ಲಿ ಎಲ್ಮ್ ಎಲಮ್ ಆಗಿದೆ. ಗದಗ ನಮ್ಮ ಬಾಯಲ್ಲಿ ಗದುಗು ಆದ ಹಾಗೆ.

ಗ್ರೀನ್ ಲೈನ್‌ನಲ್ಲಿ ಇಳಿದರೆ ನಿಲ್ದಾಣದ ಬಳಿಯೇ ಉಕ್ಕಿನ ದೊಡ್ಡ ಮನುಷ್ಯ ಹೆಜ್ಜೆ ಹಾಕುತ್ತಾ ನಿಂತಿದ್ದಾನೆ, ಟ್ರಾವೆಲಿಂಗ್ ಮ್ಯಾನ್. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನ ನೆಲೆ ಕಂಡುಕೊಂಡ ಭಾಗಗಳಲ್ಲಿ ಇದೂ ಒಂದು. ರೈಲು ಹಳಿಯ ಪಕ್ಕದ ಅಂಗಡಿಗಳು, ಕೂಲಿ ಕೆಲಸ, ಸಂಜೆ ಹಾಡು. ಬ್ಲೈಂಡ್ ಲೆಮನ್ ಜೆಫರ್ಸನ್ ಅನ್ನುವ ಕುರುಡ ಗಾಯಕ 1910ರ ದಶಕದಲ್ಲಿ ಈ ಬೀದಿಗಳಲ್ಲೇ ಗಿಟಾರ್ ಹಿಡಿದು ಹಾಡುತ್ತಿದ್ದರು. 1916ರಲ್ಲಿ ಕಪ್ಪು ವಾಸ್ತುಶಿಲ್ಪಿ ವಿಲಿಯಂ ಸಿಡ್ನಿ ಪಿಟ್‌ಮನ್ ನಕ್ಷೆ ಹಾಕಿದ ಕಟ್ಟಡ ಈಗ ಹೋಟೆಲ್. ಹೋಟೆಲಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ನಡೆಯುತ್ತಾ ಎಲ್ಮ್ ಬೀದಿಯ ಕೊನೆಗೆ ಬಂದೆವು. ಕೆಂಪು ಇಟ್ಟಿಗೆಯ ಉದ್ದನೆ ಕಟ್ಟಡಗಳ ಗುಂಪು. ಮಗಳು ಅಂದಳು: "ಅವ್ವಾ, ಇದು ಜಿನ್ ಫ್ಯಾಕ್ಟರಿ. ಹತ್ತಿದು."

ಕಾಂಟಿನೆಂಟಲ್ ಜಿನ್ ಕಂಪನಿ. ಇಲ್ಲಿನ ಹಳೇ ಭಾಗ 1888ರದು. ಕಾಳಿನಿಂದ ಹತ್ತಿ ಬಿಡಿಸುವ ಯಂತ್ರಗಳನ್ನೇ ಇಲ್ಲಿ ತಯಾರಿಸುತ್ತಿದ್ದರು. ರಾಬರ್ಟ್ ಮಂಗರ್ ಅನ್ನುವವರು ಇದರ ಮೂಲಪುರುಷ. ಅವರಿಗಿಂತ ಮುಂಚೆ ಗಾಡಿಯಿಂದ ಹತ್ತಿಯನ್ನು ಬುಟ್ಟಿಯಲ್ಲಿ ತುಂಬಿ, ಹೊತ್ತು ತಂದು ಜಿನ್ನಿಗೆ ಹಾಕಬೇಕಿತ್ತು. ಮಂಗರ್ ಗಾಳಿಯ ಕೊಳವೆ ತಂದರು. ಗಾಡಿಯಲ್ಲಿದ್ದ ಹತ್ತಿಯನ್ನು ಕೊಳವೆ ಹೀರಿಕೊಂಡು ಸಾಲು ಜಿನ್ನುಗಳಿಗೆ ಕೊಡುತ್ತದೆ. ಬಿಡಿಸಿದ ಅರಳೆ ಹಾಗೇ ಪ್ರೆಸ್ಸಿಗೆ ಹೋಗಿ ಅಂಡಿಗೆಯಾಗುತ್ತದೆ. ನಡುವೆ ಯಾರೂ ಹೊರಬೇಕಿಲ್ಲ. ಮೊದಲ ದಿನ ನೋಡಿದ ಬಿಸ್ಕತ್ತು ಕಾರ್ಖಾನೆಯ ರಸ್ತೆಯ ಹೆಸರು ಮಂಗರ್ ಅವೆನ್ಯೂ ಅಂತ ಆಗ ನೆನಪಾಯಿತು.

ಹತ್ತಿ ನಮ್ಮನ್ನೂ ಇವರನ್ನೂ ಬಹಳ ಹಿಂದೆಯೇ ಗಂಟು ಹಾಕಿದೆ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ನಮ್ಮ ಧಾರವಾಡ ಸೀಮೆಗೆ ಬಂತು. ಎರೆ ನೆಲಕ್ಕೆ ಒಗ್ಗಿಕೊಂಡು ಧಾರವಾಡ ಅಮೆರಿಕನ್ ಅಂತ ಹೆಸರು ಪಡೆಯಿತು. ಅದನ್ನು ಬಿಡಿಸಲು ಗರಗಸದ ಹಲ್ಲಿನ ಜಿನ್ನುಗಳೂ ಬಂದವು. 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತಾಗ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಅಪ್ಪ ಇದನ್ನೆಲ್ಲ ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು.

ಈ ಜಿನ್ ಕಾರ್ಖಾನೆಯಲ್ಲಿ ಹಲವು ವರ್ಷ ಚಿತ್ರ ಬರೆಯುವವರು, ಶಿಲ್ಪ ಮಾಡುವವರು ಇದ್ದರಂತೆ. ಈಗ ಇದೂ ಕಚೇರಿ. ಚಿತ್ರಗಾರರಿಗೆ ಬಾಡಿಗೆ ಎಟುಕದಂತಾಗಿರಬೇಕು, ಅದು ಬೇಸರದ ವಿಷಯವೇ. ಗೋಡೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

2019ರಲ್ಲಿ ನಮ್ಮ ವಕಾರ ಸಾಲು ತೆರವಾಯಿತು. ಜಾಗದ ಲೆಕ್ಕ, ಲೀಸಿನ ಲೆಕ್ಕ ಏನಿತ್ತೋ, ಅದು ಬಲ್ಲವರ ಮಾತು. ಆದರೆ ಒಂದೇ ಒಂದು ವಕಾರವನ್ನು ಉಳಿಸಿಕೊಳ್ಳಬಹುದಿತ್ತು ಅಂತ ನನಗೆ ಆಗಲೂ ಅನಿಸಿತ್ತು, ಈಗ ಇನ್ನೂ ಗಟ್ಟಿಯಾಗಿ ಅನಿಸುತ್ತದೆ. ಒಳಗೆ ಒಂದು ತಕ್ಕಡಿ, ನಾಲ್ಕು ಅಂಡಿಗೆ, ಹಮಾಲರ ಕೊಂಡಿ. ಗೋಡೆಯ ಮೇಲೆ ಅವರ ಹೆಸರುಗಳು. ಅಷ್ಟು ಸಾಕಿತ್ತು.

ರಾತ್ರಿ ಗದುಗಿನಲ್ಲಿರುವ ಅಣ್ಣನಿಗೆ ಜಿನ್ ಕಾರ್ಖಾನೆಯ ಫೋಟೊ ಕಳಿಸಿದೆ. ಅಲ್ಲಿ ಬೆಳಗಾಗಿತ್ತು. ಕೂಡಲೇ ಫೋನ್ ಮಾಡಿದ. "ತಂಗಿ, ಅಪ್ಪನ ಅಚ್ಚು ನನ್ನ ಹತ್ರನ ಐತಿ. ಅಂಗಡಿ ಖಾಲಿ ಮಾಡೋ ದಿನ ಹೋಗಿ ತಂದಿಟ್ಟೀನಿ. ಟ್ರಂಕಿನಾಗ ಐತಿ" ಅಂದ. ಇಷ್ಟು ವರ್ಷ ಹೇಳಿರಲೇ ಇಲ್ಲ.

"ಒಂದು ಹಾಳೆ ಮ್ಯಾಲೆ ಒತ್ತಿ ಕಳಿಸೋ ಅಣ್ಣಾ" ಅಂದೆ.

ಅರ್ಧ ಗಂಟೆಗೆ ಫೋಟೊ ಬಂತು. ಕರಿ ಬಣ್ಣ ಮನೆಯಲ್ಲಿ ಇರಲಿಲ್ಲವಂತೆ. ಮೊಮ್ಮಗಳ ನೀಲಿ ಬಣ್ಣದಲ್ಲಿ ಒತ್ತಿದ್ದ. ಅಂಚಿನಲ್ಲಿ ಸ್ವಲ್ಪ ಹರಡಿತ್ತು. ನಡುವೆ ಮೂರು ಅಕ್ಷರ ಚೆನ್ನಾಗಿ ಮೂಡಿದ್ದವು: ಗದಗ.